ಕೆಸರು, ಕಾವು ಮತ್ತು ಕೂದಲೆಳೆಯ ಸಡಿಲ

ನರಗುಂದ, ನವಲಗುಂದದ ಎರೆಹೊಲಕ್ಕೆ ಮಳೆ ಬಿದ್ದ ಮರುದಿನ ಕಾಲಿಟ್ಟವರಿಗೆ ಗೊತ್ತು, ನಾಲ್ಕು ಹೆಜ್ಜೆಗೆ ಚಪ್ಪಲಿ ಸೇರು ಭಾರವಾಗುತ್ತದೆ, ಬಂಡಿಯ ಗಾಲಿಗೆ ಮಣ್ಣು ಮೆತ್ತಿ ತಿರುಗುವುದೇ ನಿಲ್ಲುತ್ತದೆ. ಜೇಡಿಯ ಕಣ 2 ಮೈಕ್ರೋಮೀಟರಿಗಿಂತ ಸಣ್ಣದು. ಎಷ್ಟೇ ಬಿಗಿಯಾಗಿ ಕೂಡಿಸಿದ ಉಕ್ಕಿನ ಸಂದಿಯಾದರೂ ಅದಕ್ಕೆ ಹೆದ್ದಾರಿ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ ಪಟ್ಟಣದ ಬಳಿ ಕೆನಡಾದ ಸೈನಿಕರು ಇಂಥದೇ ಜೇಡಿಮಣ್ಣಿನ ಕಂದಕಗಳಲ್ಲಿ ನಿಂತಿದ್ದರು. ಅವರ ಕೈಯಲ್ಲಿದ್ದದ್ದು ರಾಸ್ ರೈಫಲ್.

ಗುರಿಸ್ಪರ್ಧೆಗಳಲ್ಲಿ ರಾಸ್ ಹೆಸರುವಾಸಿ. ಕ್ವೆಬೆಕ್‌ನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಅದರ ಚೇಂಬರ್, ಅಂದರೆ ತೋಟಾ ಕೂರುವ ಗೂಡು, ಬಹಳ ಬಿಗಿ. ಹುಬ್ಬಳ್ಳಿಯ ಗೋಕುಲ ರೋಡಿನ ಯಾವ ಲೇತ್ ಕೆಲಸಗಾರನನ್ನು ಕೇಳಿದರೂ ಮೊದಲು ಹುಟ್ಟುವ ಪ್ರಶ್ನೆ ಒಂದೇ: ‘ಫಿಟ್ ಎಷ್ಟು ಕೊಡಬೇಕು?’ ಬಿಗಿ ಇದ್ದಷ್ಟೂ ಒಳ್ಳೆಯದು ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಕೆನಡಾದಲ್ಲೇ ಅಳತೆಗೆ ಸರಿಯಾಗಿ ಮಾಡಿದ ತೋಟಾ ರಾಸ್‌ನಲ್ಲಿ ಸಲೀಸಾಗಿ ಕೂರುತ್ತಿತ್ತು. ಯುದ್ಧದ ಅವಸರದಲ್ಲಿ ಬ್ರಿಟನ್‌ನ ಕಾರ್ಖಾನೆಗಳಿಂದ ಬಂದ ತೋಟಾಗಳ ಅಳತೆ ಮಾತ್ರ ಅಷ್ಟು ನಿಖರವಾಗಿರಲಿಲ್ಲ. ಬ್ರಿಟಿಷರ ಲೀ-ಎನ್‌ಫೀಲ್ಡ್‌ನ ಚೇಂಬರ್ ತುಸು ಸಡಿಲವಿದ್ದುದರಿಂದ ಅವು ಅಲ್ಲಿ ಬಾಳಿದವು, ರಾಸ್‌ನಲ್ಲಿ ಸಿಕ್ಕಿಬಿದ್ದವು.

ಗುಂಡು ಹಾರಿದ ಕ್ಷಣ ತೋಟಾದ ಹಿತ್ತಾಳೆಯ ಕೋಶ ಉಬ್ಬಿ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಒತ್ತಡ ಇಳಿದ ಮೇಲೆ ತುಸು ಕುಗ್ಗಿ ಬಿಡಿಸಿಕೊಳ್ಳಬೇಕು. ಹಿತ್ತಾಳೆ ಮೆದುವಾಗಿದ್ದರೆ, ಗೋಡೆಗೆ ಕೆಸರು ಮೆತ್ತಿದ್ದರೆ, ಚೇಂಬರ್ ಕಾದಿದ್ದರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ. ಮಾಮೂಲಿ ರೈಫಲ್‌ನಲ್ಲಿ ಬೋಲ್ಟಿನ, ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ಸರಳಿನ, ಹಿಡಿಯನ್ನು ಮೇಲೆತ್ತಿದಾಗ ಓರೆಯಾದ ಒಂದು ಮೈ ಬೋಲ್ಟನ್ನು ಹಿಂದಕ್ಕೆ ಮೀಟುತ್ತದೆ. ಸನ್ನೆಕೋಲಿನಂತೆ ಸಣ್ಣ ಬಲ ದೊಡ್ಡದಾಗಿ ಕಚ್ಚಿದ ಕೋಶ ಕದಲುತ್ತದೆ. ರಾಸ್‌ನ ಬೋಲ್ಟನ್ನು ಎತ್ತುವಂತಿಲ್ಲ, ನೆಟ್ಟಗೆ ಎಳೆಯಬೇಕು. ಕೆಲಸ ಬೇಗ ಆಗುತ್ತದೆ ನಿಜ, ಆದರೆ ಮೀಟುವ ಆ ಬಲ ತೀರ ಕಡಿಮೆ. ಸೈನಿಕರು ಬೋಲ್ಟಿನ ಹಿಡಿಯನ್ನು ಬೂಟುಗಾಲಿನಿಂದ ಒದ್ದರು, ಗುದ್ದಲಿಯ ಕಾವಿನಿಂದ ಬಡಿದರು.

ಇದಕ್ಕಿಂತ ಒಳಗಿನ ದೋಷ ಇನ್ನೊಂದಿತ್ತು, ನನ್ನ ಎಣಿಕೆಯಲ್ಲಿ ಅದೇ ದೊಡ್ಡದು. ಹಿಂದಕ್ಕೆ ಎಳೆದ ಬೋಲ್ಟನ್ನು ತಡೆಯುವ ತುಂಡು ಬಲು ಚಿಕ್ಕದು, ಮತ್ತು ಅದು ತಾಕುತ್ತಿದ್ದದ್ದು ಬೋಲ್ಟಿನ ತಲೆಯಲ್ಲಿ ಬೀಗ ಹಾಕುವ ತಿರುಪಿನ ಎಳೆಯ ತುದಿಗೇ. ಕಚ್ಚಿದ ಬೋಲ್ಟನ್ನು ಒದ್ದು ತೆರೆದಷ್ಟೂ ಆ ಎಳೆ ಜಜ್ಜಿ ಮುಂದಿನ ಸಲ ಇನ್ನಷ್ಟು ಬಿಗಿಯಾಗುತ್ತಿತ್ತು. ರೋಗವೇ ರೋಗವನ್ನು ಬೆಳೆಸಿತು. ಸಾಲದ್ದಕ್ಕೆ, ಬಿಚ್ಚಿ ತೊಳೆದು ತಪ್ಪಾಗಿ ಜೋಡಿಸಿದರೂ ಬೋಲ್ಟ್ ಒಳಗೆ ಹೋಗುತ್ತಿತ್ತು. ಬೀಗ ಬೀಳದೆಯೇ ಗುಂಡು ಹಾರಿ ಬೋಲ್ಟ್ ಹಿಂದಕ್ಕೆ, ಮುಖದತ್ತ ಸಿಡಿಯುವ ಅಪಾಯವಿತ್ತು. ತಪ್ಪಾಗಿ ಕೂರಲೇಬಾರದ ಭಾಗ ತಪ್ಪಾಗಿ ಕೂತರೆ ಅದು ಸೈನಿಕನ ಅಜಾಗ್ರತೆಯಲ್ಲ, ನಕಾಶೆಯ ತಪ್ಪು. ಈಪ್ರದಲ್ಲಿ ಬದುಕುಳಿದ ಸುಮಾರು 5,000 ಮಂದಿಯಲ್ಲಿ 1,400ಕ್ಕೂ ಹೆಚ್ಚು ಜನ ರಾಸ್ ಬಿಸಾಡಿ ಲೀ-ಎನ್‌ಫೀಲ್ಡ್ ಎತ್ತಿಕೊಂಡಿದ್ದರು. 1916ರಲ್ಲಿ ಪದಾತಿಗಳಿಂದ ರಾಸ್ ಹಿಂತೆಗೆಯಲಾಯಿತು. ಬಂದೂಕನ್ನು ಜೋಪಾನ ಮಾಡಿ, ತೋಟಾ ಆರಿಸಿ ಹಾಕುತ್ತಿದ್ದ ಗುರಿಕಾರರು ಮಾತ್ರ ಅದನ್ನು ಬಿಡಲಿಲ್ಲ.

ಅದೇ ಯುದ್ಧದ ಫ್ರೆಂಚರ ಲಘು ಮೆಷಿನ್ ಗನ್ ಶೋಶಾ. ತೂಕ ಸುಮಾರು 9 ಕಿಲೋ. ಒಳಗೆಷ್ಟು ತೋಟಾ ಉಳಿದಿವೆ ಎಂದು ಕಾಣಲೆಂದು ಅದರ ಅರ್ಧಚಂದ್ರಾಕಾರದ ಮ್ಯಾಗಜೀನಿನ, ಅಂದರೆ ತೋಟಾ ತುಂಬುವ ಡಬ್ಬಿಯ, ಒಂದು ಮಗ್ಗುಲನ್ನು ತೆರೆದೇ ಬಿಟ್ಟಿದ್ದರು. ಕಂದಕದಲ್ಲಿ ಮಲಗಿ ಹಾರಿಸುವ ಆಯುಧಕ್ಕೆ ಕಿಟಕಿ! ಕೆಸರು ನೇರ ತೋಟಾದ ಮೇಲೆ. ಇದರ ನಳಿಗೆ ಪ್ರತಿ ಗುಂಡಿಗೂ ಕವಚದೊಳಗೆ ಹಿಂದೆ ಮುಂದೆ ಜಾರಬೇಕು. ಇಲ್ಲಿ ಕಮ್ಮಾರ ಬಂಡಿ ಗಾಲಿಗೆ ಹಳಿ ಏರಿಸುವುದನ್ನು ನೆನೆಯಿರಿ: ಕುಳ್ಳಿನ ಬೆಂಕಿಯಲ್ಲಿ ಕಾಯಿಸಿದಾಗ ಹಿಗ್ಗಿದ ಹಳಿ ಗಾಲಿಯ ಮೇಲೆ ಕೂರುತ್ತದೆ, ನೀರು ಸುರಿದೊಡನೆ ಕುಗ್ಗಿ ಕಚ್ಚುತ್ತದೆ. ಅಲ್ಲಿ ಹೊರಗಿನದು ಕುಗ್ಗಿ ಹಿಡಿಯಿತು, ಶೋಶಾದಲ್ಲಿ ಒಳಗಿನದು ಹಿಗ್ಗಿ ಹಿಡಿಯಿತು. 20 ಮಿಲಿಮೀಟರ್ ದಪ್ಪದ ಉಕ್ಕು 300 ಡಿಗ್ರಿ ಕಾದರೆ ಸುಮಾರು 0.07 ಮಿಲಿಮೀಟರ್ ದಪ್ಪವಾಗುತ್ತದೆ, ಒಂದು ಕೂದಲೆಳೆಯಷ್ಟು. ಬಿಡದೆ ನೂರು ಚಿಲ್ಲರೆ ಗುಂಡು ಹಾರಿಸಿದರೆ ನಳಿಗೆ ಸಿಕ್ಕಿಕೊಂಡು, ತಣಿಯುವವರೆಗೆ ಗನ್ ಮೂಕ. ಅಮೆರಿಕದ ತೋಟಾಕ್ಕೆಂದು ಮಾಡಿದ ಶೋಶಾ ಇನ್ನೂ ಕೆಟ್ಟದ್ದು: ಚೇಂಬರನ್ನು ತಪ್ಪು ಅಳತೆಗೆ ಕೊರೆದಿದ್ದರಿಂದ ಖಾಲಿ ಕೋಶ ಹೊರಬರುತ್ತಲೇ ಇರಲಿಲ್ಲ.

ಜಪಾನಿನ ಟೈಪ್ 94 ಪಿಸ್ತೂಲಿನದು ಬೇರೆ ಬಗೆಯ ತಪ್ಪು. ಕುದುರೆಯನ್ನು (ಟ್ರಿಗರ್) ಗುಂಡು ಹಾರಿಸುವ ಯಂತ್ರಕ್ಕೆ ಜೋಡಿಸುವ ಪಟ್ಟಿ ಎಡಮಗ್ಗುಲಲ್ಲಿ ಹೊರಗೇ ಇತ್ತು. ಅದನ್ನು ಒತ್ತಿದರೆ ಸಾಕು, ಕುದುರೆ ಮುಟ್ಟದೆಯೂ ಗುಂಡು ಹಾರುತ್ತಿತ್ತು.

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ಹಿಡಿದಿದ್ದ ಎಂ16 ರೈಫಲನ್ನು ಈ ಸಾಲಿಗೆ ಸೇರಿಸಲು ಮನಸ್ಸು ಒಪ್ಪದು, ಅದರ ಮೂಲ ವಿನ್ಯಾಸ ಚೆನ್ನಾಗಿತ್ತು. ಕೆಡಿಸಿದ್ದು ಆಮೇಲಿನ ನಿರ್ಧಾರಗಳು. ಪರೀಕ್ಷೆಯಲ್ಲಿ ಬಳಸಿದ ಮದ್ದನ್ನು ಬದಲಿಸಿ ದುಂಡು ಕಾಳಿನ ಮದ್ದು (ಬಾಲ್ ಪೌಡರ್) ತುಂಬಿದರು. ಮಸಿ ಹೆಚ್ಚಿತು, ಒಂದರ ಹಿಂದೊಂದು ಗುಂಡು ಹಾರುವ ವೇಗವೂ ಲೆಕ್ಕ ಮೀರಿತು. ಚೇಂಬರಿಗೆ ಕ್ರೋಮ್ ಲೇಪನ ಇರಲಿಲ್ಲ, ಹಸಿ ಹವೆಗೆ ಗೋಡೆ ತುಕ್ಕು ತಿಂದು ಗುಳಿಬಿತ್ತು, ಕೋಶ ಆ ಗುಳಿಗಳಿಗೆ ಕಚ್ಚಿತು. ಇದನ್ನು ತೊಳೆಯುವ ಗೊಡವೆಯಿಲ್ಲ ಎಂಬ ನಂಬಿಕೆಯಲ್ಲಿ ಶುಚಿ ಮಾಡುವ ಸಾಮಾನನ್ನೂ ಸಾಕಷ್ಟು ಕೊಡಲಿಲ್ಲ. ಸೈನಿಕರು ಗುಂಡಿನ ಮಳೆಯ ನಡುವೆ ನಳಿಗೆಯ ಬಾಯಿಂದ ಕಡ್ಡಿ ತೂರಿಸಿ ಕೋಶ ಕುಟ್ಟಿ ತೆಗೆಯಬೇಕಾಯಿತು. ಅಮೆರಿಕದ ಸಂಸತ್ತಿನ ಸಮಿತಿ 1967ರಲ್ಲಿ ಇದನ್ನು ಕಟುವಾಗಿ ಖಂಡಿಸಿತು. ಮುಂದೆ ಬಂದ ಎಂ16ಎ1ರ ಚೇಂಬರಿಗೆ ಕ್ರೋಮ್ ಹಾಕಿದರು, ಹೆಗಲಿಗೆ ಊರುವ ಭಾಗದೊಳಗೆ ಒಂದು ಸಣ್ಣ ಗೂಡು ಮಾಡಿ ಕಡ್ಡಿ, ಬ್ರಷ್ಷು ಅಲ್ಲೇ ಇಡುವಂತೆ ಮಾಡಿದರು.