ವಾರಂ ಪರ್ಸಿ: ಪ್ಲೇಗ್ ಅಂತ ಬರೆದು ಕೈಬಿಡಬೇಡಿ

ಇಂಗ್ಲೆಂಡಿನ ಮಧ್ಯಯುಗದ ಹಳ್ಳಿಗಳು ಯಾಕೆ ಪಾಳುಬಿದ್ದವು ಎಂದು ಕೇಳಿದರೆ ನಾವೆಲ್ಲ ಮೊದಲು ಬರೆಯುವುದು ಪ್ಲೇಗ್. ನಾನೂ ಹಾಗೇ ಬರೆದು ಅಂಕ ಕಳೆದುಕೊಂಡೆ. ಯಾರ್ಕ್‌ಶೈರ್‌ನ ವಾರಂ ಪರ್ಸಿ ಎಂಬ ಪಾಳು ಹಳ್ಳಿಯ ಕಥೆ ಬೇರೆಯೇ ಇದೆ.

ನಮ್ಮ ಕಂದಾಯ ದಾಖಲೆಗಳಲ್ಲಿ ಜನ ಇಲ್ಲದ ಊರಿಗೆ ಬೇಚರಾಕ್ ಗ್ರಾಮ ಅಂತಾರಲ್ಲ, ಇದೂ ಅಂಥದ್ದೇ. ಚಾವಣಿಯಿಲ್ಲದ ಸೇಂಟ್ ಮಾರ್ಟಿನ್ ಚರ್ಚು, ಸುತ್ತ ಬರೀ ಹುಲ್ಲು. ಹುಲ್ಲಿನಡಿಯ ಉಬ್ಬುತಗ್ಗುಗಳೇ ಹಳೆಯ ಮನೆ, ಹಿತ್ತಲು, ದಾರಿಗಳ ಗುರುತು. ಆರ್ಥಿಕ ಇತಿಹಾಸಕಾರ ಮಾರಿಸ್ ಬೆರೆಸ್‌ಫರ್ಡ್ 1950ರಲ್ಲಿ ಇಲ್ಲಿ ಅಗೆಯಲು ಶುರುಮಾಡಿದರು. ಪುರಾತತ್ತ್ವಜ್ಞ ಜಾನ್ ಹರ್ಸ್ಟ್ ಬೇಗನೇ ಜೊತೆಯಾದರು. ಬೇಸಿಗೆ ಬೇಸಿಗೆಗೂ ನಡೆದ ಉತ್ಖನನ ಮುಗಿದದ್ದು 1990ರಲ್ಲಿ.

ಮೊದಲು ಗೋಡೆ ಹುಡುಕಿಕೊಂಡು ಉದ್ದನೆಯ ಗುಂಡಿ ತೋಡುತ್ತಿದ್ದರು. ಆಮೇಲೆ ಡೆನ್ಮಾರ್ಕ್‌ನ ಪುರಾತತ್ತ್ವಜ್ಞರಂತೆ ಇಡೀ ಮನೆಯ ಜಾಗದ ಮೇಲ್ಮಣ್ಣನ್ನೇ ತೆಗೆದು, ಒಂದೊಂದು ಕಲ್ಲನ್ನೂ ನಕ್ಷೆಗೆ ಇಳಿಸಿದರು. ಆಗ ಕಂಡದ್ದು ಒಂದರ ಮೇಲೊಂದು ಗೋಡೆಯ ಸಾಲು. ಬಡವರ ಮನೆ, ತಲೆಮಾರಿಗೊಮ್ಮೆ ಬಿದ್ದು ಹೋಗುತ್ತಿತ್ತು ಎಂದುಕೊಂಡರು. ಇದು ತಪ್ಪಾಗಿರಬಹುದು ಎಂದು ತೋರಿದ್ದು ಎಷ್ಟೋ ವರ್ಷದ ಮೇಲೆ. ಚಾವಣಿಯ ಭಾರ ಹೊರುತ್ತಿದ್ದದ್ದು ಜೋಡಿ ಬಾಗುಮರಗಳು, ಗೋಡೆ ಸುಮ್ನೆ ಮರೆಗೆ ಮಾತ್ರ. ಗೋಡೆ ಎಷ್ಟು ಸಲ ಕಟ್ಟಿದರೂ ಮನೆ ಅದೇ! ನನಗೆ ಇಡೀ ಪಾಠದಲ್ಲಿ ತುಂಬ ಹಿಡಿಸಿದ್ದು ಇದು.

ಈಗ ಪ್ಲೇಗ್. 1349ರಲ್ಲಿ ಅದು ಇಲ್ಲಿಗೂ ಬಂತು, ಜನ ಸತ್ತರು. ಆದರೆ ಊರು ಇನ್ನೂ ಸುಮಾರು 150 ವರ್ಷ ಉಳಿಯಿತು. ಪ್ಲೇಗ್‌ನ ಪೆಟ್ಟು ಸುತ್ತು ಬಳಸಿ ಬಿತ್ತು ಅನ್ನಬಹುದು. ಕೂಲಿಯಾಳು ಸಿಗುವುದು ಕಷ್ಟವಾಯಿತು, ಕೂಲಿ ಏರಿತು. ಉಳುಮೆಗೆ ಹತ್ತಾರು ಕೈ ಬೇಕು, ಕುರಿಗೆ ಒಬ್ಬ ಕುರುಬ ಸಾಕು. ಉಣ್ಣೆಗೆ ಬೆಲೆಯೂ ಇತ್ತು. 1500ರ ಆಸುಪಾಸಿನಲ್ಲಿ ಜಮೀನ್ದಾರ ಕೊನೆಯ 4 ಮನೆಯವರನ್ನು ಎಬ್ಬಿಸಿ ಕುರಿ ಬಿಟ್ಟ. ಇದು ಗೊತ್ತಾಗುವುದು 1517ರ ಸರ್ಕಾರಿ ವಿಚಾರಣೆಯಿಂದ.

ಊರಿನ ಏರಿಳಿತ ನೋಡಬೇಕಾದರೆ ಚರ್ಚಿನ ಗೋಡೆ ಸಾಕು. ಜನ ಜಾಸ್ತಿಯಾದಾಗ ಪಕ್ಕಕ್ಕೆ ಪಡಸಾಲೆ ಸೇರಿಸಿದರು. ಕಡಿಮೆಯಾದ ಮೇಲೆ ಅದನ್ನು ಕೆಡವಿ, ಕಮಾನುಗಳಿಗೆ ಕಲ್ಲು ತುಂಬಿದರು. ಆ ಮುಚ್ಚಿದ ಕಮಾನುಗಳು ಇವತ್ತಿಗೂ ಕಾಣುತ್ತವೆ. ಊರು ಹೋದ ಮೇಲೂ ಚರ್ಚು ನಡೆಯುತ್ತಿತ್ತು. ಪಕ್ಕದ ಥಿಕ್ಸೆಂಡೇಲ್‌ನವರು 1870ರ ಹೊತ್ತಿಗೆ ತಮ್ಮದೇ ಚರ್ಚು ಕಟ್ಟಿಕೊಳ್ಳುವವರೆಗೂ ಪ್ರಾರ್ಥನೆಗೆ ಇಲ್ಲಿಗೇ ಬರುತ್ತಿದ್ದರು.