ದಾವಣಗೆರೆಯಿಂದ ಪಿನ್ ಕಣಿವೆಗೆ: ಪ್ರಯಾಣದ ಪ್ಲಾನ್ ಕೊನೆಯಿಂದ ಶುರು ಮಾಡಿ

ಟೂರಿಸಂ ಪೇಪರ್‌ನಲ್ಲಿ 'ದುರ್ಗಮ ಬೆಟ್ಟ ಪ್ರದೇಶಕ್ಕೆ ಪ್ರಯಾಣ ಯೋಜನೆ ತಯಾರಿಸಿ' ಅನ್ನೋ ಥರದ ಪ್ರಶ್ನೆ ಬಂದರೆ ಬಹಳ ಜನ ಬರೆಯುವುದು ಒಂದೇ ಉತ್ತರ. ಹತ್ತಿರದ ವಿಮಾನ ನಿಲ್ದಾಣ ಇದು, ಹತ್ತಿರದ ರೈಲು ನಿಲ್ದಾಣ ಇದು, ಅಲ್ಲಿಂದ ಬಸ್ಸು, ಟ್ಯಾಕ್ಸಿ ಸಿಗುತ್ತವೆ. ಮುಗೀತು. ಇಷ್ಟನ್ನೇ ನಂಬಿ ನಿಜವಾಗಿ ಹೊರಟವರು ಅರ್ಧ ದಾರಿಯಲ್ಲಿ ಕೂರುತ್ತಾರೆ. ಹಾಗಾಗಿ ಒಂದೇ ಉದಾಹರಣೆ ತಗೊಂಡು ಪೂರ್ತಿ ಬಿಡಿಸೋಣ: ಹಿಮಾಚಲ ಪ್ರದೇಶದ ಸ್ಪಿತಿಯಲ್ಲಿರುವ ಪಿನ್ ವ್ಯಾಲಿ ರಾಷ್ಟ್ರೀಯ ಉದ್ಯಾನ. 1987ರಲ್ಲಿ ಘೋಷಣೆಯಾದದ್ದು, ವಿಸ್ತೀರ್ಣ 675 ಚದರ ಕಿ.ಮೀ., ಹಿಮಚಿರತೆ ಮತ್ತು ಐಬೆಕ್ಸ್ ಅನ್ನೋ ಕಾಡುಮೇಕೆಗೆ ಹೆಸರುವಾಸಿ. ಹೊರಡುವುದು ದಾವಣಗೆರೆಯಿಂದ.

ಮೊದಲು ಕಿಲೋಮೀಟರ್ ಲೆಕ್ಕ ಮರೆತುಬಿಡಿ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ., ಹೈವೇ 48ರಲ್ಲಿ ನಾಲ್ಕೂವರೆ, ಐದು ಗಂಟೆ ಸಾಕು. ಮನಾಲಿಯಿಂದ ಸ್ಪಿತಿಯ ಮುಖ್ಯ ಊರು ಕಾಜಾಗೆ ಸುಮಾರು 200 ಕಿ.ಮೀ. ಅಷ್ಟೇ, ಆದರೆ ಬೆಳಗ್ಗೆ ಬೇಗ ಹೊರಟರೂ ಇಡೀ ಹಗಲು ಹೋಗುತ್ತದೆ. ನಡುವೆ ಬಹಳ ದೂರ ಡಾಂಬರೇ ಇಲ್ಲದ ಕಲ್ಲು ದಾರಿ, ಹಳ್ಳಗಳು, ಆಮೇಲೆ 4,500 ಮೀಟರ್ ಮೀರಿದ ಕುಂಜುಮ್ ಪಾಸ್ (ಪಾಸ್ ಅಂದರೆ ಬೆಟ್ಟಸಾಲನ್ನು ದಾಟುವ ದಾರಿ). ಆದ್ದರಿಂದ ಬೆಟ್ಟದ ಪ್ಲಾನ್‌ನಲ್ಲಿ ದೂರದ ಕಾಲಂ ಜೊತೆ ಗಂಟೆಯ ಕಾಲಂ ಮತ್ತು ಎತ್ತರದ ಕಾಲಂ ಇರಲೇಬೇಕು.

ಎರಡನೆಯದು, ನನ್ನ ಪ್ರಕಾರ ಇಡೀ ಟಿಪ್ಪಣಿಯಲ್ಲಿ ಮುಖ್ಯವಾದದ್ದು: ಪ್ಲಾನ್ ಮಾಡುವಾಗ ಕೊನೆಯ ತುಂಡಿನಿಂದ ಹಿಂದಕ್ಕೆ ಬನ್ನಿ. ನಾವು ಸಾಮಾನ್ಯವಾಗಿ ಟ್ರೇನ್ ಟಿಕೆಟ್ ಮೊದಲು ಮಾಡಿ, 'ಮುಂದಿನದು ಅಲ್ಲಿ ಹೋಗಿ ನೋಡೋಣ' ಅಂತೀವಿ ಅಲ್ವಾ? ಇಲ್ಲಿ ಅದು ನಡೆಯುವುದಿಲ್ಲ. ಇಡೀ ಪ್ರಯಾಣವನ್ನು ತೀರ್ಮಾನ ಮಾಡುವುದು ಯಾವುದು ಅತಿ ನಿಧಾನವೋ, ಯಾವುದು ಸುಲಭವಾಗಿ ನಿಂತುಹೋಗುತ್ತದೋ ಆ ತುಂಡು. ಪಿನ್ ಕಣಿವೆಯಲ್ಲಿ ರಸ್ತೆ ಮುಗಿಯುವ ಕಡೆ ಇರುವುದು ಮುದ್ ಅನ್ನೋ ಪುಟ್ಟ ಊರು. ಕಾಜಾದಿಂದ ಅಲ್ಲಿಗೆ ಹೋಗುವ ಬಸ್ಸು ನಮ್ಮ ಹಳ್ಳಿಗಳ ವಸ್ತಿ ಬಸ್ಸಿನ ಹಾಗೆ, ಸಾಯಂಕಾಲ ಹೋಗಿ ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ವಾಪಸ್ ಬರುವಂಥದ್ದು. ಅದು ತಪ್ಪಿದರೆ ಕಾಜಾದಲ್ಲಿ ಟ್ಯಾಕ್ಸಿ ಮಾಡಬೇಕು, ಒಬ್ಬರೇ ಇದ್ದರೆ ದುಬಾರಿ, ನಾಲ್ಕೈದು ಜನ ಸೇರಿದರೆ ಪರವಾಗಿಲ್ಲ. ಅಂದರೆ ಕಾಜಾಗೆ ಮಧ್ಯಾಹ್ನದೊಳಗೆ ಮುಟ್ಟಬೇಕಾ, ಇಲ್ಲ ರಾತ್ರಿ ಮುಟ್ಟಿದರೂ ನಡೆಯುತ್ತಾ ಅನ್ನೋದು ಈ ಬಸ್ಸಿನಿಂದ ತೀರ್ಮಾನ ಆಗುತ್ತದೆ, ನಮ್ಮ ಟ್ರೇನಿನಿಂದ ಅಲ್ಲ.

ಈಗ ಕಾಜಾಗೆ ಬರುವ ದಾರಿ. ಎರಡು ಬಾಗಿಲು ಇವೆ. ಒಂದು ಮನಾಲಿ ಕಡೆಯಿಂದ: 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ 9.02 ಕಿ.ಮೀ. ಉದ್ದದ ಅಟಲ್ ಸುರಂಗ ದಾಟಿ, ಕೋಕ್ಸರ್, ಗ್ರಾಂಫು, ಬಟಾಲ್ ಮೇಲೆ ಕುಂಜುಮ್ ಹತ್ತಿ ಇಳಿಯುವುದು. ಸುರಂಗ ಬಂದಮೇಲೆ ರೋಹ್ತಾಂಗ್ ಪಾಸ್ ಹತ್ತುವ ಕಷ್ಟ ತಪ್ಪಿದೆ ನಿಜ. ಆದರೆ ಸುಮಾರು ಜನ ಇಲ್ಲೇ ಎಡವುತ್ತಾರೆ, ಸುರಂಗ ವರ್ಷಪೂರ್ತಿ ತೆರೆದಿದ್ದರೆ ಕಾಜಾ ರಸ್ತೆಯೂ ತೆರೆದಿರುತ್ತದೆ ಅಂದುಕೊಳ್ಳುತ್ತಾರೆ. ಕುಂಜುಮ್‌ಗೆ ಸುರಂಗ ಇಲ್ಲ. ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿದರೆ ಮತ್ತೆ ತೆರೆಯುವುದು ಬೇಸಿಗೆ ಕೊನೆಗೆ, ಹೆಚ್ಚುಕಮ್ಮಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಈ ಬಾಗಿಲು.

ಇನ್ನೊಂದು ಬಾಗಿಲು ಶಿಮ್ಲಾ ಕಡೆಯಿಂದ, ಕಿನ್ನೌರ್ ಜಿಲ್ಲೆಯ ಮೇಲೆ. 400 ಕಿ.ಮೀ. ಮೀರುತ್ತದೆ, ಆದರೆ ದೊಡ್ಡ ಪಾಸ್ ಇಲ್ಲದ್ದರಿಂದ ವರ್ಷದ ಬಹುಪಾಲು ತೆರೆದಿರುತ್ತದೆ. ಇದರ ಕಾಯಿಲೆ ಬೇರೆ: ಗುಡ್ಡ ಕುಸಿತ. 2021ರ ಆಗಸ್ಟ್‌ನಲ್ಲಿ ಕಿನ್ನೌರ್‌ನ ನಿಗುಲ್ಸರಿ ಹತ್ತಿರ ಗುಡ್ಡ ಜರಿದು ಸರ್ಕಾರಿ ಬಸ್ಸೇ ಮಣ್ಣಿನಡಿ ಸಿಕ್ಕಿತ್ತು.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಸ್ಪಿತಿ ಮಳೆ ನೆರಳಿನ ಪ್ರದೇಶ, ಅಂದರೆ ಮಳೆ ಮೋಡಗಳನ್ನು ಬೆಟ್ಟಗಳು ತಡೆದುಬಿಡುವ ಜಾಗ, ಜುಲೈ-ಆಗಸ್ಟ್‌ನಲ್ಲಿ ನಮ್ಮ ಚಿತ್ರದುರ್ಗದ ಬಯಲಿಗಿಂತ ಒಣ. 'ಹಂಗಾದ್ರೆ ಮಳೆಗಾಲದಲ್ಲೇ ಹೋಗಬಹುದಲ್ಲ' ಅನಿಸುತ್ತದೆ. ಆದರೆ ಅಲ್ಲಿಗೆ ಕರೆದೊಯ್ಯುವ ಎರಡೂ ದಾರಿಗಳು ಮಳೆ ಬೀಳುವ ಕಣಿವೆಗಳಲ್ಲೇ ಶುರುವಾಗುತ್ತವೆ. ಊರು ಒಣಗಿದ್ದರೂ ದಾರಿ ಒದ್ದೆ. 2023ರ ಜುಲೈನಲ್ಲಿ ಕುಲ್ಲು-ಮನಾಲಿ ರಸ್ತೆ ಕೊಚ್ಚಿಹೋದಾಗಲೇ ಮೇಲೆ ಚಂದ್ರತಾಲ್ ಸರೋವರದ ಹತ್ತಿರ ನೂರಾರು ಪ್ರವಾಸಿಗರು ಹಿಮದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹವಾಮಾನ ನೋಡುವಾಗ ಮುಟ್ಟುವ ಊರಿನದ್ದು ಮಾತ್ರ ನೋಡಬೇಡಿ, ದಾರಿಯದ್ದನ್ನೂ ನೋಡಿ. ನನ್ನ ಆಯ್ಕೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರ: ಮಳೆ ಇಳಿದಿರುತ್ತದೆ, ಕುಂಜುಮ್ ಸಾಮಾನ್ಯವಾಗಿ ಇನ್ನೂ ಮುಚ್ಚಿರುವುದಿಲ್ಲ.

ಹೊತ್ತಿನ ಲೆಕ್ಕವೂ ಇದೆ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ಮಧ್ಯಾಹ್ನದ ಮೇಲೆ ಹಳ್ಳಗಳಲ್ಲಿ ನೀರು ಏರುತ್ತದೆ. ಬೆಳಗ್ಗೆ ಮೊಣಕಾಲುದ್ದ ಇದ್ದದ್ದು ಸಂಜೆಗೆ ಕಾರನ್ನು ನಿಲ್ಲಿಸಿಬಿಡಬಹುದು. ಅದಕ್ಕೇ ಆ ಕಡೆ ಡ್ರೈವರ್‌ಗಳು ನಸುಕಿನಲ್ಲೇ ಹೊರಡಿಸುವುದು, ಸುಮ್ನೆ ಅವಸರಕ್ಕಲ್ಲ.

ಈಗ ಎತ್ತರದ ಕಾಲಂ. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಕಾಜಾ 3,600ಕ್ಕೂ ಮೇಲೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ವೈದ್ಯರು ಹೇಳುವ ಸಾಮಾನ್ಯ ನಿಯಮ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಬೇಕು. ಇದು ಆರೋಗ್ಯದ ಪಾಠ, ಸಾರಿಗೆಗೆ ಏನು ಸಂಬಂಧ ಅನ್ನಬೇಡಿ. ಯಾವ ದಾರಿಯಿಂದ ಒಳಗೆ ಹೋಗಬೇಕು ಅಂತ ಹೇಳುವುದೇ ಇದು. ಮನಾಲಿ ಇರುವುದು ಸುಮಾರು 2,050 ಮೀಟರ್. ಅಲ್ಲಿ ಮಲಗಿ ಎದ್ದು ಮರುದಿನ ಕಾಜಾದಲ್ಲಿ ಮಲಗಿದರೆ ಒಂದೇ ಹಗಲಲ್ಲಿ 1,500 ಮೀಟರ್ ಮೀರಿದ ಜಿಗಿತ. ಶಿಮ್ಲಾ ಕಡೆಯಿಂದ ಬಂದರೆ? ಶಿಮ್ಲಾ 2,200, ಕಲ್ಪಾ 2,960, ತಾಬೊ ಸುಮಾರು 3,280, ಆಮೇಲೆ ಕಾಜಾ. ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಡುವೆ ನಾಕೊ ಅನ್ನೋ ಚೆಂದದ ಊರು ಸಿಗುತ್ತದೆ, ಅದು 3,660 ಆಸುಪಾಸು. ನಿಂತು ನೋಡಿ, ಊಟ ಮಾಡಿ, ಆದರೆ ಮಲಗುವುದಕ್ಕೆ ಕೆಳಗೆ ತಾಬೊಗೆ ಇಳಿಯಿರಿ. ಆದ್ದರಿಂದ ಒಳಗೆ ಹೋಗುವುದು ಕಿನ್ನೌರ್ ಮೇಲೆ, ಹೊರಗೆ ಬರುವುದು ಕುಂಜುಮ್-ಮನಾಲಿ ಮೇಲೆ. ತಲೆನೋವು, ವಾಂತಿ ಜಾಸ್ತಿಯಾದರೆ, ನಡೆಯುವಾಗ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಕೆಳಗಿಳಿಯುವುದೇ ಮದ್ದು. ಹಾಗಾಗಿ ರಾತ್ರಿ ಕೂಡ ಒಂದು ಗಾಡಿ ಸಿಗುವಂಥ ಊರಲ್ಲೇ ಮೊದಲ ರಾತ್ರಿಗಳನ್ನು ಕಳೆಯಬೇಕು. ಸೀದಾ ಮುದ್‌ಗೆ ಹೋಗದೆ ಕಾಜಾದಲ್ಲಿ ಒಂದು ದಿನ ಸುಮ್ನೆ ಇರಿ ಅನ್ನುವುದು ಇದಕ್ಕೇ.

ಈಗ ಮಾತ್ರ ಟ್ರೇನ್. ಯಶವಂತಪುರದಿಂದ ಚಂಡೀಗಢಕ್ಕೆ ಹೋಗುವ ಸಂಪರ್ಕ ಕ್ರಾಂತಿ ನಮ್ಮ ದಾವಣಗೆರೆ ಮೇಲೇ ಹೋಗುತ್ತದೆ, ಎರಡು ರಾತ್ರಿ ಟ್ರೇನಿನಲ್ಲೇ. ದಿನಾ ಇಲ್ಲ ಅನ್ನೋದೇ ತೊಂದರೆ. ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ, ಮೊದಲು 120 ಇತ್ತು. ವಿಮಾನ ಬೇಕಾದವರು ಬೆಂಗಳೂರಿಂದ ಚಂಡೀಗಢಕ್ಕೆ ಹಾರಬಹುದು. ಕುಲ್ಲು ಹತ್ತಿರದ ಭುಂತರ್ ವಿಮಾನ ನಿಲ್ದಾಣ ಮ್ಯಾಪ್‌ನಲ್ಲಿ ಆಸೆ ಹುಟ್ಟಿಸುತ್ತದೆ. ಆದರೆ ರನ್‌ವೇ ಗಿಡ್ಡ, ಸಣ್ಣ ವಿಮಾನಗಳು ಮಾತ್ರ, ಮೋಡ ಕವಿದರೆ ರದ್ದು. ಅದನ್ನು ನಂಬಿ ಮುಂದಿನ ಕನೆಕ್ಷನ್ ಕಟ್ಟಬೇಡಿ.

ಖಾಲಿ ದಿನ ಎಲ್ಲಿ ಇಡಬೇಕು? ಬಹಳ ಜನ ಅಲ್ಲೊಂದು ಇಲ್ಲೊಂದು ಹಂಚುತ್ತಾರೆ. ಆರಾಮಕ್ಕೆ ಸರಿ, ಭದ್ರತೆಗೆ ಸಾಲದು. ತಾರೀಖು ಬದಲಾಗದ ಕೊಂಡಿ ಯಾವುದು? ವಾಪಸ್ ಟ್ರೇನ್. ಆದ್ದರಿಂದ ಕನಿಷ್ಠ ಎರಡು ಖಾಲಿ ದಿನ ಕುಂಜುಮ್ ದಾಟಿದ ಮೇಲೆ, ಚಂಡೀಗಢದ ಟ್ರೇನ್ ಹತ್ತುವ ಮೊದಲು ಇರಲಿ. ಪಾಸ್ ಇದ್ದಕ್ಕಿದ್ದಂತೆ ಮುಚ್ಚಿದರೆ ಬಂದ ದಾರಿಯಲ್ಲೇ ಕಿನ್ನೌರ್ ಮೇಲೆ ಸುತ್ತಿಕೊಂಡು ಬರಲು ಬೇಕಾಗುವುದು ಹೆಚ್ಚುಕಮ್ಮಿ ಅಷ್ಟೇ ಸಮಯ.

ಸಣ್ಣಪುಟ್ಟವು ಬೇಗ ಹೇಳಿಬಿಡ್ತೀನಿ. ಪೆಟ್ರೋಲ್ ಕಾಜಾದಲ್ಲಿ ಸಿಗುತ್ತದೆ, ಮನಾಲಿ ಕಡೆಯ ದಾರಿಯಲ್ಲಿ ನಡುವೆ ಇಲ್ಲ, ಟ್ಯಾಂಕ್ ತುಂಬಿಸಿಯೇ ಹೊರಡಿ. ನಗದು ಇಟ್ಟುಕೊಳ್ಳಿ, ನೆಟ್‌ವರ್ಕ್ ಇಲ್ಲದ ಕಡೆ ಫೋನ್ ಪೇ ನಡೆಯಲ್ಲ. ಭಾರತೀಯರಿಗೆ ಸ್ಪಿತಿಗೆ ಇನ್ನರ್ ಲೈನ್ ಪರ್ಮಿಟ್ (ಗಡಿ ಭಾಗಕ್ಕೆ ಹೋಗಲು ಪಡೆಯುವ ಅನುಮತಿ) ಬೇಡ.

ಉದ್ಯಾನಗಳ ನಿಯಮವನ್ನೂ ಟೈಮ್‌ಟೇಬಲ್‌ಗೆ ಸೇರಿಸಬೇಕು. ಬಂಡೀಪುರದೊಳಗಿನ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್ ಇರುವುದು ನಮಗೆಲ್ಲ ಗೊತ್ತು. ಅದೇ ಹಿಮಾಚಲದಲ್ಲಿ, 2014ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಕಥೆಯೇ ಬೇರೆ: ಮನಾಲಿ ಹೆದ್ದಾರಿಯ ಔಟ್ ಹತ್ತಿರ ತಿರುಗಿ ತೀರ್ಥನ್ ಅಥವಾ ಸೈಂಜ್ ಕಣಿವೆಗೆ ಹೋಗಬೇಕು, ಪರ್ಮಿಟ್ ಬೇಕು, ಉದ್ಯಾನದೊಳಗೆ ಗಾಡಿ ರಸ್ತೆ ಇಲ್ಲ, ನಡೆಯಬೇಕು. ಅಭ್ಯಾಸಕ್ಕೆ ಅದನ್ನೇ ತಗೊಂಡು ಕೊನೆಯಿಂದ ಹಿಂದಕ್ಕೆ ಒಂದು ಪ್ಲಾನ್ ಬರೆದು ನೋಡಿ. ಅಲ್ಲಿ ಕೊನೆಯ ತುಂಡನ್ನು ಗಂಟೆಯಲ್ಲಲ್ಲ, ನಡಿಗೆಯ ದಿನಗಳಲ್ಲಿ ಅಳೆಯಬೇಕಾಗುತ್ತದೆ.