ಹಾಜರಿಯಲ್ಲಿ ಐವತ್ತು, ಬೀಟಿನಲ್ಲಿ ಎಂಟು

ಪೊಲೀಸರ ಸಂಖ್ಯೆಯನ್ನೂ ಅಪರಾಧದ ಅಂಕಿಯನ್ನೂ ಜೊತೆಗಿಟ್ಟು ಓದುವುದು ಹೇಗೆ? ಸಿಂಧನೂರು ಸೀಮೆಯ ಒಂದು ಗ್ರಾಮಾಂತರ ಪೊಲೀಸ್ ಠಾಣೆಗೆ 50 ಹುದ್ದೆ ಮಂಜೂರಾಗಿವೆ ಎಂದಿಟ್ಟುಕೊಳ್ಳಿ. ಲೆಕ್ಕ ತಿಳಿಯಲು ಹಾಕಿಕೊಂಡ ಸಂಖ್ಯೆ ಇದು, ಯಾವ ಠಾಣೆಯದೂ ಅಲ್ಲ. ಎಂಟು ಹುದ್ದೆ ಖಾಲಿ, ಉಳಿದದ್ದು 42. ಐವರು ಓಓಡಿ (ಬೇರೆ ಕಡೆಯ ನಿಯೋಜನೆ) ಮೇಲೆ ಎಸ್‌ಪಿ ಕಚೇರಿ, ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ಎಂದು ಬೇರೆಡೆ ಇದ್ದಾರೆ. ಹೆಸರು ಈ ಠಾಣೆಯಲ್ಲಿ, ದುಡಿಮೆ ಅಲ್ಲಿ. ವಾರದ ರಜೆ, ಗಳಿಕೆ ರಜೆ, ತರಬೇತಿ ಎಂದು ಏಳು ಮಂದಿ ಕಳೆದರೆ ಬೆಳಗಿನ ರೋಲ್‌ಕಾಲ್‌ಗೆ ನಿಲ್ಲುವವರು 30.

ಇನ್ನು ಈ ಮೂವತ್ತನ್ನು ಹಂಚಿ. ರೈಟರ್, ಕಂಪ್ಯೂಟರ್ ಮುಂದೆ ಕೂರುವವರು ಸೇರಿ ನಾಲ್ವರು. ಕೋರ್ಟ್ ಡ್ಯೂಟಿಗೆ ಮೂವರು. ತುರ್ತು ಕರೆಯ 112 ವಾಹನಕ್ಕೆ ಮೂರು ಪಾಳಿಗೆ ಇಬ್ಬರಂತೆ ಆರು, ಠಾಣೆಯ ಪಹರೆಗೂ ಆರು. ಸಮನ್ಸ್, ವಾರಂಟ್, ಆರೋಪಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಮೂವರು. ಬೀಟಿಗೆ, ಅಂದರೆ ಊರೂರು ಗಸ್ತಿಗೆ, ಉಳಿದವರು ಎಂಟು. ಹಗಲು ನಾಲ್ಕು, ರಾತ್ರಿ ನಾಲ್ಕು. ಠಾಣೆಯ ಹದ್ದಿನಲ್ಲಿ ಮೂವತ್ತು ಹಳ್ಳಿಗಳಿದ್ದರೆ ಒಬ್ಬೊಬ್ಬ ಪೇದೆಯ ಪಾಲಿಗೆ ಏಳೆಂಟು ಹಳ್ಳಿ.

ಬೀಟ್ ಪಾಯಿಂಟ್ ಒಂದು ಹೆಚ್ಚಿಸಲು ಪೇದೆ ಒಬ್ಬ ಸಾಕು ಎಂದು ಅನೇಕರು ತಿಳಿದಿದ್ದಾರೆ. ವಾರಕ್ಕೆ 168 ಗಂಟೆ. ಒಬ್ಬ 48 ಗಂಟೆ ದುಡಿದರೆ ಒಂದು ಜಾಗದಲ್ಲಿ ಸದಾ ಒಬ್ಬ ನಿಲ್ಲಲು ಮೂರೂವರೆ ಜನ ಬೇಕು. ರಜೆ, ತರಬೇತಿ ಸೇರಿಸಿದರೆ ನಾಲ್ಕನ್ನೂ ದಾಟುತ್ತದೆ. ಆದ್ದರಿಂದಲೇ ‘ಲಕ್ಷ ಜನಸಂಖ್ಯೆಗೆ ಇಷ್ಟು ಪೊಲೀಸರು’ ಎಂಬ ಅನುಪಾತ ಜಿಲ್ಲೆಯ ನೆಲದ ಮೇಲೆ ಬಹಳ ಹೇಳುವುದಿಲ್ಲ. ಮಂಜೂರಾತಿಯನ್ನೋ ಲಭ್ಯ ಬಲವನ್ನೋ ಭಾಗಿಸಿದ ಸಂಖ್ಯೆ ಅದು; ಬೀಟಿನ ಎಂಟು ಮಂದಿ ಅದರಲ್ಲಿ ಕಾಣಿಸುವುದಿಲ್ಲ.

ಆ ಎಂಟೂ ಮಂದಿ ವರ್ಷವಿಡೀ ಬೀಟಿನಲ್ಲಿ ಇರುವುದಿಲ್ಲ, ಆಗಾಗ ಬಂದೋಬಸ್ತಿಗೆ ಹೊರಡುತ್ತಾರೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ, ಡಿಸೆಂಬರ್‌ನಲ್ಲಿ ಅಂಜನಾದ್ರಿಯ ಹನುಮಮಾಲೆ ವಿಸರ್ಜನೆ, ನಡುವೆ ಹುಲಿಗಿಯ ಜಾತ್ರೆ. ನೀರು ಕಡಿಮೆಯಾದ ವರ್ಷ ತುಂಗಭದ್ರಾ ಎಡದಂಡೆ ಕಾಲುವೆಗೂ ಕಾವಲು ಬೇಕು. ಮೇಲ್ಭಾಗದಲ್ಲಿ ಅಕ್ರಮವಾಗಿ ನೀರೆತ್ತಿದರೆ ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ಸಿರವಾರದ ಟೇಲೆಂಡ್ ರೈತರು ರಸ್ತೆಗಿಳಿಯುತ್ತಾರೆ. ಉಪಕಾಲುವೆಯ ಗೇಟಿನ ಬಳಿ ಖಾಕಿ ನಿಲ್ಲುತ್ತದೆ. ಆ ವಾರ ಅದೇ ಠಾಣೆಯ ಊರಲ್ಲಿ ಮನೆಗಳ್ಳತನವಾದರೆ ಮಹಜರಿಗೆ ಹೋಗುವವರೇ ತಡ. ಬಂದೋಬಸ್ತಿಗೆ ಹೋದ ಮಾನವ ದಿನಗಳನ್ನು ತಿಂಗಳುವಾರು ಬರೆದು, ಪಕ್ಕದಲ್ಲಿ ಅದೇ ತಿಂಗಳ ಕಳವು ಪ್ರಕರಣ ಬರೆದು ನೋಡಿದರೆ ವಾರ್ಷಿಕ ಸರಾಸರಿಯಲ್ಲಿ ಮುಚ್ಚಿಹೋಗುವ ಎಷ್ಟೋ ಸಂಗತಿ ಮೇಲೆ ಬರುತ್ತದೆ.

ಖಾಲಿ ಹುದ್ದೆ ತುಂಬುವುದಕ್ಕೂ ಈ ಭಾಗದಲ್ಲಿ ಬೇರೆ ದಾರಿ ಇದೆ. ಸಂವಿಧಾನದ 371-ಜೆ ವಿಧಿಯ ಅಡಿ ಕಲ್ಯಾಣ ಕರ್ನಾಟಕದ ಗ್ರೂಪ್-ಸಿ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲು, ಪೇದೆ ಹುದ್ದೆಯೂ ಅದರಲ್ಲೇ ಬರುತ್ತದೆ. ಅಧಿಸೂಚನೆ, ಲಿಖಿತ ಪರೀಕ್ಷೆ, ದೈಹಿಕ ಪರೀಕ್ಷೆ, ಆಯ್ಕೆ ಪಟ್ಟಿ, ದಾಖಲೆ ಪರಿಶೀಲನೆ, ಆಮೇಲೆ ತಿಂಗಳುಗಟ್ಟಲೆ ತರಬೇತಿ. ತರಬೇತಿಯಲ್ಲಿರುವ ಹುಡುಗ ಕಾಗದದಲ್ಲಿ ‘ಭರ್ತಿ’. ಠಾಣೆಗೆ ಇನ್ನೂ ಬಂದಿಲ್ಲ. ‘ಹುದ್ದೆ ತುಂಬಿದರೂ ಕಳ್ಳತನ ಇಳಿಯಲಿಲ್ಲ’ ಎಂಬ ಟೀಕೆ ಸಾಮಾನ್ಯವಾಗಿ ಇದೇ ಸಮಯದಲ್ಲಿ ಬರುತ್ತದೆ!

ಇನ್ನು ಅಪರಾಧದ ಕಡೆ ಬರೋಣ. ಒಟ್ಟು ಸಂಖ್ಯೆಯನ್ನು ಹಾಗೇ ನುಂಗಬಾರದು, ಮೂರು ರಾಶಿ ಮಾಡಬೇಕು. ಮೊದಲನೆಯದು ಅಡಗಿಸಲಾಗದ್ದು: ಕೊಲೆ, ವಾಹನ ಕಳವು. ಹೆಣ ಸಿಕ್ಕರೆ ದಾಖಲಾಗಲೇಬೇಕು. ಬೈಕ್ ಹೋದರೆ ವಿಮೆಗೆ ಎಫ್‌ಐಆರ್ ಬೇಕೇ ಬೇಕು. ಜಿಲ್ಲೆ ಜಿಲ್ಲೆಗೆ ಹೋಲಿಸಲು ನಂಬಬಹುದಾದದ್ದು ಇದೊಂದೇ. ಎರಡನೆಯದು ಜನ ತಂದರೆ ಮಾತ್ರ ಬರುವುದು. ಕಾಲುವೆ ದಂಡೆಯ ಪಂಪ್‌ಸೆಟ್ ಕೇಬಲ್ ಕತ್ತರಿಸಿ, ಸುಟ್ಟು, ತಾಮ್ರ ತೆಗೆದು ಮಾರುತ್ತಾರೆ. ‘ಠಾಣೆಗೆ ತಿರುಗಾಡಿದ್ರ ನೀರಿನ ಪಾಳಿ ಹೋಗ್ತದ್ರೀ’ ಎಂದು ರೈತ ಹೊಸ ಕೇಬಲ್ ತಂದು ಹಾಕಿಕೊಳ್ಳುತ್ತಾನೆ. ಠಾಣೆಯ ಲೆಕ್ಕದಲ್ಲಿ ಅದು ಸೊನ್ನೆ. ಮೂರನೆಯದು ಪೊಲೀಸರು ಹುಡುಕಿದರೆ ಮಾತ್ರ ಸಿಗುವುದು: ಇಸ್ಪೀಟ್, ಮಟ್ಕಾ, ಅಕ್ರಮ ಮದ್ಯ, ದೇವದುರ್ಗ ಕಡೆಯ ಮರಳು. ಕರ್ನಾಟಕ ಪೊಲೀಸ್ ಕಾಯ್ದೆಯ 78, 87ನೇ ಕಲಮಿನ ಪ್ರಕರಣ ಏರಿದ ಜಿಲ್ಲೆಯಲ್ಲಿ ಜೂಜು ಹೆಚ್ಚಿದೆ ಎನ್ನುವುದಕ್ಕಿಂತ, ದಾಳಿಗೆ ಹೋಗಲು ಕೈ ತುಂಬ ಜನ ಇದ್ದರು ಎನ್ನುವುದೇ ಹೆಚ್ಚು ನಿಜ. ಹಾಗಾಗಿ ಸಿಬ್ಬಂದಿ ಬಂದ ಮೊದಲ ವರ್ಷ ಒಟ್ಟು ಅಪರಾಧ ಏರಿದರೆ ಗಾಬರಿ ಬೇಡ.

ಕಾನೂನು ಬದಲಾದದ್ದೂ ಲೆಕ್ಕ ಕೆಡಿಸಿದೆ. 2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ) ಹೋಗಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಬಂದದ್ದರಿಂದ ಆ ವರ್ಷದ ಲೆಕ್ಕದಲ್ಲಿ ಐಪಿಸಿ ಅರ್ಧ, ಬಿಎನ್‌ಎಸ್ ಅರ್ಧ. ಎರಡನ್ನೂ ಕೂಡಿಸದೆ ‘ಇಳಿಕೆ’ ಎಂದವರಿದ್ದಾರೆ. ಹೆಚ್ಚು ಸೂಕ್ಷ್ಮವಾದದ್ದು ಬಿಎನ್‌ಎಸ್‌ನ 303(2)ನೇ ಕಲಮು. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವು, ಮೊದಲ ಸಲ ತಪ್ಪಿತಸ್ಥನಾಗಿ ಮಾಲು ಮರಳಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಈ ಸಣ್ಣ ಕಳವು ಈಗ ಅಸಂಜ್ಞೇಯ (ಎನ್‌ಸಿ): ಕೋರ್ಟಿನ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎಂದರೆ ಎಫ್‌ಐಆರ್ ಪುಸ್ತಕ ಬಿಟ್ಟು ಎನ್‌ಸಿ ಪುಸ್ತಕಕ್ಕೆ ಸರಿಯುವ ದಾರಿ ತೆರೆದಿದೆ. ಮೇಲೆ ಹೇಳಿದ ಕೇಬಲ್ ಪೈಕಿ ಎಷ್ಟೋ ಇದೇ ಬೆಲೆಯೊಳಗೆ ಬರುತ್ತವೆ. ಕಳ್ಳರು ಕಡಿಮೆಯಾಗದೆಯೂ ಕಳವು ಕಡಿಮೆಯಾಗಬಹುದು.

ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಇದರ ಉಲ್ಟಾ. 19ನೇ ಕಲಮಿನ ಪ್ರಕಾರ ವಿಷಯ ತಿಳಿದವರು ವರದಿ ಮಾಡಲೇಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಾಣಂತನಕ್ಕೆ ಬಂದ ಹುಡುಗಿಗೆ 18 ತುಂಬಿಲ್ಲ ಎಂದು ಗೊತ್ತಾದರೆ ವೈದ್ಯರು ಠಾಣೆಗೆ ಮಾಹಿತಿ ಕೊಡುತ್ತಾರೆ. ಬಾಲ್ಯವಿವಾಹ ಬಿಡದ ತಾಲ್ಲೂಕುಗಳಲ್ಲಿ ಈ ಸಂಖ್ಯೆ ಏರಿದರೆ ಅದರಲ್ಲಿ ಆಸ್ಪತ್ರೆಯ ಪಾಲೂ ಇದೆ. ಹಾಗೆಯೇ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಪ್ರಕರಣದ ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಅಲ್ಲಿ ನೂರು ಪೇದೆ ಕೊಟ್ಟರೂ ಖಾಲಿ ಇರುವ ಒಂದು ಡಿವೈಎಸ್‌ಪಿ ಕುರ್ಚಿಯೇ ಕೆಲಸವನ್ನು ತಡೆದು ನಿಲ್ಲಿಸುತ್ತದೆ.

ಜನಸಂಖ್ಯೆಯ ತೊಡಕು ಬೇರೆ. 2011ರ ಗಣತಿಯಲ್ಲಿ ರಾಯಚೂರು 19.3 ಲಕ್ಷ, ಕೊಪ್ಪಳ 13.9 ಲಕ್ಷ, ಅವಿಭಜಿತ ಬಳ್ಳಾರಿ 24.5 ಲಕ್ಷ. 2021ರಲ್ಲಿ ವಿಜಯನಗರ ಬೇರೆಯಾಯಿತು. ಈಗಿನ ಬಳ್ಳಾರಿಯನ್ನೂ ವಿಜಯನಗರವನ್ನೂ ಕೂಡಿಸಿದರೆ 2011ರ ಬಳ್ಳಾರಿ ಸಿಗುತ್ತದೆಂದು ತಿಳಿದರೆ ತಪ್ಪು: 1997ರಲ್ಲಿ ದಾವಣಗೆರೆಗೆ ಹೋಗಿದ್ದ ಹರಪನಹಳ್ಳಿ ನಡುವೆ ಮರಳಿ ಬಂದಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಸುತ್ತ ಗುತ್ತಿಗೆ ಕಾರ್ಮಿಕರ ವಸತಿ ಹಬ್ಬಿದೆ. ಅಲ್ಲಿನ ಜಗಳ ಠಾಣೆಯಲ್ಲಿ ಲೆಕ್ಕಕ್ಕೆ ಬರುತ್ತದೆ, ಜಗಳವಾಡಿದವರು ಹಳೆಯ ಗಣತಿಯಲ್ಲಿ ಇಲ್ಲ. ಸಣ್ಣ ಸಂಖ್ಯೆಯ ಏರಿಳಿತಕ್ಕೂ ಒಂದು ಜರಡಿ ಇಟ್ಟುಕೊಳ್ಳಿ: ಬದಲಾವಣೆ ಹಳೆಯ ಸಂಖ್ಯೆಯ ವರ್ಗಮೂಲದ ದುಪ್ಪಟ್ಟನ್ನು ದಾಟಿದೆಯೇ ನೋಡಿ. ಒಂದು ಜಿಲ್ಲೆಯಲ್ಲಿ ಕೊಲೆ 20ರಿಂದ 27ಕ್ಕೆ ಏರಿದರೆ ಶೇ 35 ಹೆಚ್ಚಳ ಎಂದು ಶೀರ್ಷಿಕೆಯಾಗುತ್ತದೆ. 20ರ ವರ್ಗಮೂಲ ಸುಮಾರು ನಾಲ್ಕೂವರೆ, ಅದರ ದುಪ್ಪಟ್ಟು ಒಂಬತ್ತು. ಏಳರ ಏರಿಕೆ ಆಕಸ್ಮಿಕವೂ ಆಗಿರಬಹುದು.

ಪೊಲೀಸ್ ವ್ಯವಸ್ಥೆಯೇ ಕುಸಿದಾಗ ಅಂಕಿ ಹೇಗೆ ಸುಳ್ಳಾಡುತ್ತದೆ ಎಂಬುದಕ್ಕೆ ಈ ನೆಲದಲ್ಲೇ ಉದಾಹರಣೆ ಇದೆ. ನಿಜಾಮನ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಲು 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಕಾರ್ಯಾಚರಣೆ ಹೆಸರಿಗೆ ಪೊಲೀಸ್ ಆ್ಯಕ್ಷನ್, ನಡೆಸಿದ್ದು ಸೈನ್ಯ. ತುಂಗಭದ್ರೆಯ ಆಚೆ, ಅಂದು ಕೊಪ್ಪಳವನ್ನೂ ಒಳಗೊಂಡಿದ್ದ ರಾಯಚೂರು ಜಿಲ್ಲೆ ನಿಜಾಮನದು. ಈಚೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದ್ದು. ಹೈದರಾಬಾದ್ ಸಂಸ್ಥಾನದಲ್ಲಿ ಹಳ್ಳಿಯ ಸುದ್ದಿ ಠಾಣೆಗೆ ಮುಟ್ಟಿಸುವುದು ಪೊಲೀಸ್ ಪಟೇಲನ ಕೆಲಸವಾಗಿತ್ತು. ಆಡಳಿತ ಕೈ ಬದಲಾದ ಆ ವಾರಗಳಲ್ಲಿ ದೂರು ಕೊಡುವವನಿಗೂ ಭಯ, ಬರೆದುಕೊಳ್ಳುವವನಿಗೂ ಭಯ. ಆ ವರ್ಷದ ಕೊನೆಗೆ ಪಂಡಿತ್ ಸುಂದರ್‌ಲಾಲ್ ನೇತೃತ್ವದ ತಂಡ ಸಂಸ್ಥಾನದ ಜಿಲ್ಲೆಗಳನ್ನು ಸುತ್ತಿ, ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್ ಹೆಚ್ಚು ನಲುಗಿದವು ಎಂದಿತು. ಕಾರ್ಯಾಚರಣೆಯ ವೇಳೆ ಮತ್ತು ನಂತರದ ಹಿಂಸೆಯಲ್ಲಿ ಒಟ್ಟು ಸಾವು ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಜಾಗಕ್ಕೆ ಹೋಗಿ ಕೇಳಿ ಬರೆದ ಲೆಕ್ಕ ಅದು. ಇಂಥ ಕಾಲ ಕಳೆದು ಹೊಸ ಪೊಲೀಸರು ನೆಲೆಯೂರಿದ ಮೇಲೆ ದಾಖಲಾತಿ ಏರುವುದು ಸಹಜ. ಶಾಂತಿ ಮರಳಿದ ವರ್ಷವೇ ಪಟ್ಟಿಯಲ್ಲಿ ಕೆಟ್ಟ ವರ್ಷವಾಗಿ ಕಾಣುವುದುಂಟು.

ಇವತ್ತು ಜಿಲ್ಲೆಯೊಂದನ್ನು ನೋಡಹೊರಟರೆ 24 ತಿಂಗಳ ಮೂರು ಹಾಳೆ ಸಾಕು. ದರ್ಜೆವಾರು ಮಂಜೂರು, ಲಭ್ಯ, ಓಓಡಿ. ಠಾಣಾವಾರು ಎಫ್‌ಐಆರ್, ಎನ್‌ಸಿ, ಯುಡಿಆರ್ (ಅಸಹಜ ಸಾವಿನ ವರದಿ) ಮತ್ತು ಪ್ರತಿ ಪಿಎಸ್‌ಐ ಬಳಿ ಬಾಕಿ ಇರುವ ತನಿಖೆ. ಕೊನೆಯದು 112ಕ್ಕೆ ಬಂದ ಕರೆ. ಠಾಣೆಯ ಕೈ ಮೀರಿದ ಅಂಕಿ ಈ ಕೊನೆಯದು, ಏಕೆಂದರೆ ಕರೆ ಬಂದದ್ದು ಬೇರೆ ಕಡೆ ದಾಖಲಾಗಿರುತ್ತದೆ. ಕರೆ ಏರುತ್ತಿದ್ದು ಎಫ್‌ಐಆರ್ ಇಳಿಯುತ್ತಿರುವ ಠಾಣೆ ಕಂಡರೆ ಮೊದಲು ಎನ್‌ಸಿ ಪುಸ್ತಕ ತೆರೆಯಿರಿ, ಆಮೇಲೆ ಓಓಡಿ ಪಟ್ಟಿ.